ತೂತು ಬಕೆಟ್ಟು

ಹೊಳೆ ದಂಡೆ ಆಶ್ರಮದ ಮರುಳಪ್ಪ ಗುರುಗಳಿಗೆ ಮಂತ್ರ ಎಷ್ಟು ಬರ್ತಿತ್ತೋ ಆ ದೇವ್ರಿಗೇ ಗೊತ್ತು. ಆದ್ರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಎಲ್ಲಾನೂ ನಡೆಸೋ ಕರ್ನಲ್ ಕೋಡು ಮಾತ್ರ ಬಾಯಿಪಾಠ.

ಅದನ್ನ ಕಲಿಯೋಕೆ ಬಂದವಳು ನಾಗವೇಣಿ. ಕೈ ಚುರುಕು, ಬಾಯಿ ಇನ್ನೂ ಚುರುಕು.

ಡೈರಿಯಲ್ಲಿ ಹಾಲು ತಣ್ಣಗಿಡೋ ಮಿಷಿನ್ನಿಗೆ ಕೋಡು ಬರೆದವಳು ಅವಳೇ. ಎಂಟು ದಿನಕ್ಕೊಂದ್ಸಲ ಅದು ಉಸಿರುಕಟ್ಟಿ ನಿಲ್ತಿತ್ತು. ಹಾಲೆಲ್ಲಾ ಹುಳಿ. "ಇನ್ನೊಂದ್ಸಲ ನಿಂತ್ರೆ ಮಿಷಿನ್ನೂ ಬೇಡ, ಈಯಮ್ಮನೂ ಬೇಡ" ಅಂದಿದ್ರು ಡೈರಿಯವ್ರು.

"ನಂದೇನೂ ತಪ್ಪಿಲ್ಲ ಗುರುಗಳೇ. ಕರ್ನಲ್ ಹತ್ರ ದೊಡ್ಡ ತುಂಡು ಮೆಮೊರಿ ಇಸ್ಕೋತೀನಿ. ಆಮೇಲೆ ಚಿಕ್ಕ ತುಂಡು ಇಸ್ಕೊಂಡು, ಅದರ ವಿಳಾಸ ದೊಡ್ಡದರೊಳಗೆ ಬರೆದಿಡ್ತೀನಿ. ಟ್ಯಾಂಕು ತಣ್ಣಗಿದೆಯಾ ಅಂತ ಸೆನ್ಸರನ್ನ ಕೇಳ್ತೀನಿ. ಕೊನೇಲಿ ಎಲ್ಲಾ ವಾಪಸ್ ಕೊಡ್ತೀನಿ. ಬೇಕಾದ್ರೆ ನೋಡಿ!"

ಗುರುಗಳು ನೋಡ್ಲಿಲ್ಲ. ಒಂದು ಬಕೆಟ್ಟು ಕೊಟ್ರು.

"ನೀರು ತಗಂಡ್ಬಾ."

ನಾಗವೇಣಿ ಪಕ್ಕದ್ಮನೆ ಸಾಕಮ್ಮನ ಹತ್ರ ಕೀ ಇಸ್ಕೊಂಡ್ಳು. ಬಾವಿ ಪಕ್ಕದ ಕೋಣೆ ತೆಗೆದು, ಇಡೀ ಬೀದಿಗೆ ಇರೋ ಒಂದೇ ಹಗ್ಗ ತಗೊಂಡ್ಳು, ಬೀಗ ಹಾಕಿದ್ಳು. ಬಕೆಟ್ಟಿಗೆ ಹಗ್ಗ ಕಟ್ಟಿ ಸೇದಿದ್ರೆ, ಮೇಲೆ ಬರೋಷ್ಟ್ರಲ್ಲಿ ಒಂದು ಹನಿ ನೀರಿಲ್ಲ. ತಳ ತೂತು.

ಧುಮುಗುಡ್ತಾ ವಾಪಸ್ ಬಂದ್ಳು. "ಆಗ್ಲಿಲ್ಲ ಗುರುಗಳೇ!"

ಹಿಂದೇನೇ ಸಾಕಮ್ಮ.

"ಏನೇ ಮಹಾರಾಣಿ! ಕೀ ನಿನ್ನ ಸೊಂಟದಲ್ಲಿ, ಹಗ್ಗ ನಿನ್ನ ಬಕೆಟ್ಟಲ್ಲಿ. ಬೀದಿ ಹೆಂಗಸ್ರೆಲ್ಲಾ ಖಾಲಿ ಕೊಡ ಹಿಡ್ಕೊಂಡು ನನ್ನ ಬಾಗಿಲಲ್ಲಿ ನಿಂತವ್ರೆ!"

"ನೀರೇ ಸಿಗ್ಲಿಲ್ಲ ಸಾಕಮ್ಮ, ಆ ಸಿಟ್ಟಲ್ಲಿ..."

"ನೀರು ಸಿಕ್ಕ ದಿನ ವಾಪಸ್ ಕೊಡ್ತಿದ್ಯಾ?" ಗುರುಗಳು ಕೇಳಿದ್ರು.

"ತಪ್ಪದೆ ಕೊಡ್ತೀನಿ. ನೀರು ಸಿಕ್ಕಿದ್ಮೇಲೆ..." ಅಂದವಳು ಬಾಯಿಗೆ ಕೈ ಇಟ್ಕೊಂಡ್ಳು.

ಗಡಿಬಿಡೀಲಿ ಕೀ ಚಾಚಿದ್ಳು.

ಸಾಕಮ್ಮ ಮುಟ್ಲಿಲ್ಲ. "ಈಗ್ಲೇ ಕೀ ಕೊಟ್ರೆ ಹಗ್ಗ ಎಲ್ಲಿಡ್ತೀಯೆ, ನಿನ್ನ ತಲೆ ಮೇಲಾ? ಮೊದ್ಲು ಹಗ್ಗ ಒಳಗಿಟ್ಟು ಬೀಗ ಹಾಕು. ಆಮೇಲೆ ಕೀ."

ಗುರುಗಳು ಮೀಸೆಯೊಳಗೇ ನಕ್ರು.

ಹಗ್ಗ ಇಟ್ಟು, ಕೀ ಕೊಟ್ಟು ಬಂದು ನಾಗವೇಣಿ ಕೋಡು ತೆಗೆದ್ಳು. ಸೆನ್ಸರು ಉತ್ತರ ಕೊಡದಿದ್ದಾಗೆಲ್ಲಾ ಅವಳ ಕೋಡು ನಡುಮಧ್ಯದಿಂದ್ಲೇ ಎದ್ದು ಓಡಿತ್ತು. ವಾಪಸ್ ಕೊಡೋ ಕೊನೇ ಸಾಲಿನ ಮುಖಾನೇ ನೋಡಿರ್ಲಿಲ್ಲ. ಇಸ್ಕೊಂಡ ತುಂಡುಗಳೆಲ್ಲಾ ಆ ಕೀ ಥರ ಸೊಂಟದಲ್ಲೇ. ಎಂಟು ದಿನ ಹಿಂಗೇ ನಡೆದ್ರೆ ಮಿಷಿನ್ನಿಗೆ ಇನ್ನೆಲ್ಲಿಯ ಮೆಮೊರಿ?

ಓಡೋ ದಾರಿಗೂ ವಾಪಸ್ ಕೊಡೋ ಸಾಲು ಬರೆದ್ಳು. ಚಿಕ್ಕ ತುಂಡು ಮೊದ್ಲು, ವಿಳಾಸ ಇರೋ ದೊಡ್ಡದು ಆಮೇಲೆ. ಬೇಕಂತಲೇ ಸಾವಿರ ಸಲ ಸೆನ್ಸರಿನ ಬಾಯಿ ಮುಚ್ಚಿಸಿ ನೋಡಿದ್ಳು. ಒಂದು ಚೂರು ಮೆಮೊರೀನೂ ಕಮ್ಮಿ ಆಗ್ಲಿಲ್ಲ.

"ಡೈರಿಗೆ ಕಳಿಸ್ಲಾ ಗುರುಗಳೇ?"

ಅವರು ಅದೇ ತೂತು ಬಕೆಟ್ಟು ಮುಂದೆ ನೂಕಿದ್ರು.

ನಾಗವೇಣಿ ಬಕೆಟ್ಟು ಎತ್ಕೊಂಡು ಹೋದ್ಳು. ಸ್ವಲ್ಪ ಹೊತ್ತಿಗೆ ಬಂದ್ಳು. ನೀರಿಲ್ಲ. ಸಿಟ್ಟೂ ಇಲ್ಲ.

ಗುರುಗಳು ಸಾಕಮ್ಮನ ಮನೆ ಕಡೆ ಕಿವಿ ಕೊಟ್ಟು ತುಂಬಾ ಹೊತ್ತು ಕೂತ್ರು.

"ಸದ್ದೇ ಇಲ್ಲ. ಕಳ್ಸು."