ಚಿಲಕ ಒಳಗಿದ್ದ ಮನೆ

ಹೊಳೆದಂಡೆಯ ಆ ಮನೆಗೆ ಹೆಸರಿನ ಫಲಕ ಇರಲಿಲ್ಲ. ಯಾರ್‍ಯಾರೋ ಹುಡುಕಿಕೊಂಡು ಬರಬಾರದೆಂದೇ ಹಾಕಿರಲಿಲ್ಲ. ಕೆಲಸದ ಆಸೆ ತೋರಿಸಿ ದೂರದ ಊರುಗಳಿಗೆ ಮಾರಿಬಿಟ್ಟಿದ್ದ ಹನ್ನೊಂದು ಹೆಣ್ಣುಮಕ್ಕಳು, ಬಿಡುಗಡೆಯಾಗಿ ಬಂದು ಅಲ್ಲಿ ಬದುಕು ಕಟ್ಟಿಕೊಂಡಿದ್ದರು. ರೊಟ್ಟಿ ಬಡಿದು ಪೇಟೆಗೆ ಕಳಿಸುತ್ತಿದ್ದರು.

ಪಾದ್ರಿ ಸಮಾಧಾನ ಅಯ್ಯನವರು ವರ್ಷಕ್ಕೊಮ್ಮೆ ಇಂಥ ಸೇವೆಯ ಮನೆಗಳಿಗೆ ಹೋಗಿಬರುತ್ತಿದ್ದರು. ಈ ಸಲ ಜೊತೆಗೆ ಬಂದವನು ಶಿಷ್ಯ ಜಯಶೀಲ.

ಬರುವ ಭಾನುವಾರ ಚರ್ಚಿನ ಸಭೆಯಲ್ಲಿ ಜಯಶೀಲನ ಮೊದಲ ಪ್ರಸಂಗ, ಅಂದರೆ ಉಪದೇಶ. ವಿಷಯ, ಹಸಿದವರಿಗೆ ಊಟ ಕೊಡುವುದು. ಊರಿನಿಂದ ಹೊರಡುವಾಗಲೇ ಹಿರಿಯರಿಗೆ ಮಾತು ಕೊಟ್ಟಿದ್ದ, ಎದೆ ಕರಗಿಸುವ ಸಾಕ್ಷಿಗಳನ್ನು, ದೇವರು ಬದುಕು ಬದಲಿಸಿದ ಕಥೆಗಳನ್ನು ತರುತ್ತೇನೆ ಎಂದು. ಅದಕ್ಕಾಗಿ ಹೊಸ ನೋಟುಪುಸ್ತಕವನ್ನೂ ಕೊಂಡಿದ್ದ. ಮೊದಲೆರಡು ಮನೆಗಳಲ್ಲಿ ಚಹಾ ಸಿಕ್ಕಿತ್ತು, ಹಾಡು ಸಿಕ್ಕಿತ್ತು, ಸಾಕ್ಷಿ ಸಿಕ್ಕಿರಲಿಲ್ಲ. ಇದು ಮೂರನೆಯ ಮನೆ, ಕೊನೆಯದು.

ಅಡುಗೆಮನೆಯಲ್ಲಿ ಒಲೆಗಳು ಉರಿಯುತ್ತಿದ್ದವು. ಎಲ್ಲರಿಗಿಂತ ಚೆಂದ ರೊಟ್ಟಿ ಬಡಿಯುತ್ತಿದ್ದವಳು ಸಾವಂತ್ರವ್ವ. ಅವಳ ಕೈಸದ್ದಿನಲ್ಲಿ ಒಂದು ತಾಳವಿತ್ತು.

ಪ್ರಾರ್ಥನೆ ಮುಗಿಯಿತು. ಆಮೆನ್ ಅಂದ ಬಾಯಲ್ಲೇ ಜಯಶೀಲ ಪುಸ್ತಕ ಬಿಚ್ಚಿದ.

"ಅಕ್ಕಾರ, ನಿಮ್ಮ ಸಾಕ್ಷಿ ಹೇಳ್ರಿ. ಮೊದಲು ಹೆಂಗಿದ್ರಿ, ದೇವರು ಹೆಂಗ ಬಿಡಿಸಿದ?"

ಸಭೆಯಲ್ಲಿ ವಾರವಾರವೂ ಕೇಳುವ ಪ್ರಶ್ನೆಯೇ ಅದು. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಕೈಸದ್ದು ನಿಂತಿತು. ಸಾವಂತ್ರವ್ವ ಎದ್ದು ಕೋಣೆಯೊಳಗೆ ಹೋದಳು. ಒಳಗಿನಿಂದ ಚಿಲಕ ಬಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾತೂ ಮುತ್ತೂ ಎರಡೂ ಒಟ್ಟಿಗೇ ಹೋದವನ ಹಾಗೆ ಜಯಶೀಲ ಕೂತಿದ್ದ.

ಮನೆ ನೋಡಿಕೊಳ್ಳುತ್ತಿದ್ದ ಎಸ್ತೇರಮ್ಮ ಮೆಲ್ಲಗೆ ಹೇಳಿದಳು: "ಆಕಿ ಬಂದು ಏಳು ತಿಂಗಳಾತು. ಗಂಡಸರು ಬಂದಾಗ ಹೊರಗ ಕೂತದ್ದು ಇವತ್ತ ಮೊದಲ. ಹಿಂದೊಮ್ಮೆ ಹಿಂಗ ಒಳಗ ಹೋದಾಕಿ ಎರಡು ದಿನ ಉಣಲಿಲ್ಲ."

"ಚಿಲಕ..." ಅಂದ ಜಯಶೀಲ.

"ಒಳಗ ನಾವ ಹಾಕ್ಸಿದ್ದು. ಮೊದಲಿದ್ದಲ್ಲಿ ಹೊರಗಿತ್ತು."

ಜಯಶೀಲ ಪುಸ್ತಕ ಮುಚ್ಚಿದ. ಅವನು ಎದ್ದ.

"ಎಲ್ಲಿಗೆ?" ಅಯ್ಯನವರು ಕೇಳಿದರು.

"ಬಾಗಿಲ ಮುಂದ ನಿಂತು ಕ್ಷಮಾ ಕೇಳ್ತೀನ್ರಿ."

"ನಿನ್ನ ಮನಸು ಹಗುರಾಗಾಕ ಆಕಿ ಬಾಗಿಲ ತೆಗೀಬೇಕೇನು?"

ಜಯಶೀಲ ಅಲ್ಲೇ ನಿಂತ. "ಹೊರಗ ನಿಂತು ಪ್ರಾರ್ಥನೆನಾದರೂ ಮಾಡ್ಲೇನ್ರಿ?"

"ಆಕಿಗೆ ಕೇಳೂ ಹಂಗೋ, ದೇವರಿಗೆ ಕೇಳೂ ಹಂಗೋ?"

"ಮತ್ತೇನು ಮಾಡ್ಲಿ ಅಯ್ಯಾರ?"

ಅಯ್ಯನವರು ಒಲೆಯ ಕಡೆ ಕೈ ತೋರಿಸಿದರು. "ಆಕಿ ಬಿಟ್ಟುಹೋದ ಹಿಟ್ಟು ಆರಾಕತ್ತೈತಿ."

"ನನಗ ರೊಟ್ಟಿ ಬಡಿಯಾಕ ಬರೂದಿಲ್ರಿ."

"ಗೊತ್ತೈತಿ. ಕೂಡು."

ಜಯಶೀಲ ಅಂಗಿಯ ತೋಳು ಮಡಚಿ ಕೂತ. ಹಿಟ್ಟಿನುಂಡೆ ಇಟ್ಟು ಒಂದೇಟು ಹಾಕಿದ. ಅಂಚು ಸೀಳಿತು. ಸೀಳಿದ್ದನ್ನು ಒತ್ತಿ ಕೂಡಿಸಿದ, ನಡುವೆ ತೂತು ಬಿತ್ತು. ಎತ್ತಿ ಹೆಂಚಿಗೆ ಹಾಕುವಷ್ಟರಲ್ಲಿ ಅರ್ಧ ಅಂಗೈಯಲ್ಲಿತ್ತು, ಅರ್ಧ ಒಲೆಯ ಬೂದಿಯಲ್ಲಿತ್ತು. ಎರಡನೆಯದು ಮೊದಲನೆಯದಕ್ಕಿಂತ ಕಡೆ. ಪಕ್ಕದ ಒಲೆಯವರು ಸೆರಗು ಬಾಯಿಗೆ ಅಡ್ಡ ಹಿಡಿದರು. ನಗು ಅಲ್ಲಿಗೇನೂ ನಿಲ್ಲಲಿಲ್ಲ.

ಜಯಶೀಲ ನಗಲಿಲ್ಲ. ಕಣ್ಣಿನ ನೀರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲದೆ ಬಡಿಯುತ್ತಲೇ ಇದ್ದ. ಟಪ್, ಟಪ ಟಪ, ಟಪ್. ತಾಳವಿಲ್ಲ, ತಳವಿಲ್ಲ. ಎಂಟು ಉಂಡೆ ಹಾಳಾದವು.

ಒಂಬತ್ತನೆಯದಕ್ಕೆ ಕೈ ಹಾಕಿದಾಗ ಹಿಂದೆ ಚಿಲಕ ಸರಿದ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ.

"ಹಿಟ್ಟಿನ ಜಿಗಿ ಹೋಗೈತಿ," ಅಂದಳು ಸಾವಂತ್ರವ್ವ. "ಬಿಸಿನೀರು ಹಾಕಿ ನಾದಬೇಕು. ಆವಾಗಿಂದ ಕೇಳಾಕತ್ತೀನಿ, ಕಿವಿ ನೋವ ಬಂತು. ಸರೀರಿ ಅತ್ತಾಗ."

ಜಯಶೀಲ ಸರಿದ. ಅವಳು ಕೂತಳು. ಬಿಸಿನೀರು ಬಿತ್ತು, ಹಿಟ್ಟು ಹದವಾಯಿತು, ಕೈ ತಾಳಕ್ಕೆ ಬಂತು. ರೊಟ್ಟಿ ಅಂಗೈ ಕೆಳಗೆ ತಿರುಗುತ್ತ ಅಗಲವಾಯಿತು. ಹೆಂಚಿನ ಮೇಲೆ ಉಬ್ಬಿತು.

ಆ ಮೊದಲ ರೊಟ್ಟಿಯನ್ನು ಅವಳು ಯಾರನ್ನೂ ಕೇಳದೆ ಜಯಶೀಲನ ತಾಟಿಗೆ ಹಾಕಿದಳು. ಮೇಲೊಂದಿಷ್ಟು ಶೇಂಗಾಚಟ್ನಿ, ಮೊಸರು.

"ಉಣ್ರಿ. ಬಡದು ಬಡದು ದಣಿದೀರಿ."

ಅವನು ತಲೆ ತಗ್ಗಿಸಿ ಉಂಡ. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಅವನಿಗೆ ಆಗಲೇ ನೆನಪಾದದ್ದು. ಅಂಥ ರೊಟ್ಟಿಯನ್ನು ಹುಟ್ಟಿದಾರಭ್ಯ ಉಂಡಿರಲಿಲ್ಲ ಅನ್ನಿಸಿತು. ತನ್ನನ್ನು ಎದ್ದು ಹೋಗು ಅನ್ನಬಹುದಾಗಿದ್ದವಳು ಉಣ್ಣು ಅಂದಿದ್ದಳು. ಅವನ ಎದೆ ತುಂಬಿ ಬಂತು.

"ಅಕ್ಕಾರ," ಅಂದ, "ದೇವರು ನಿಮ್ಮ ಕೈ ತಂಪಾಗಿಡಲಿ."

"ಇನ್ನೊಂದು ಹಾಕ್ಲೇನು?" ಅಂದಳು ಅವಳು.

ಅವನು ನಾಲ್ಕು ಉಂಡ. ಆಮೇಲೆ ಸಾವಂತ್ರವ್ವನೂ ಅಲ್ಲೇ, ಎಲ್ಲರ ಜೊತೆ ಕೂತು ಉಂಡಳು. ಎಸ್ತೇರಮ್ಮ ಅದನ್ನು ನೋಡಿ ಅಯ್ಯನವರ ಕಡೆ ತಿರುಗಿ ಕೈಮುಗಿದಳು. ಅಯ್ಯನವರು ಒಲೆಯ ಕಡೆ ಕೈಮುಗಿದರು.

ಸಂಜೆ ಗುರುಶಿಷ್ಯರು ದೋಣಿಗಾಗಿ ಹೊಳೆಯ ಹತ್ತಿರ ಕಾಯುತ್ತಿದ್ದರು. ಜಯಶೀಲ ಪುಸ್ತಕ ತೆಗೆದು ತೋರಿಸಿದ. ಹಾಳೆಗಳ ಮೇಲೆ ಹಿಟ್ಟಿನ ಬೆರಳಚ್ಚು ಬಿಟ್ಟರೆ ಏನೂ ಇರಲಿಲ್ಲ.

"ಅಯ್ಯಾರ, ಭಾನುವಾರ ಹಿರಿಯರು ಸಾಕ್ಷಿ ಎಲ್ಲಿ ಅಂತ ಕೇಳ್ತಾರ. ಆಕಿ ಕಥಿ ನನಗ ಗೊತ್ತಿಲ್ಲ. ಗೊತ್ತಿದ್ರೂ ಈಗ ಹೇಳಾಕ ಬಾಯಿ ಬರೂದಿಲ್ಲ. ಪ್ರಸಂಗದ ವಿಷಯ ಬದಲು ಮಾಡಲೇನ್ರಿ?"

"ವಿಷಯ ಏನಂದಿ?"

"ಹಸಿದವರಿಗೆ ಊಟ ಕೊಡೂದು."

ದೋಣಿ ದಡಕ್ಕೆ ಬಂತು. ಅಯ್ಯನವರು ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದರು.

"ಬದಲು ಮಾಡಬ್ಯಾಡ. ಆಕಿ ಹೆಸರು ಹೇಳಬ್ಯಾಡ. ಹಸಿದಾಂವ ನಾನಿದ್ದೆ ಅಂತ ಹೇಳಿ ಕೂತುಬಿಡು."