ತಿಪ್ಪವ್ವನ ಕಂಬಳಿ

ನಿಮ್ಮ ಮುತ್ತಜ್ಜನ ಮುತ್ತಜ್ಜ ಇನ್ನೂ ಹುಟ್ಟಿರದ ಕಾಲ. ಇದೇ ಹಳ್ಳದ ಆಚೆ ದಂಡೆಗೆ ಒಂದು ಊರಿತ್ತು, ಆ ಊರಲ್ಲಿ ಒಂದು ದೊಡ್ಡ ವಿದ್ಯಾಶಾಲೆ ಇತ್ತು ಅಂತಾರೆ. ಹೇಳ್ತೀನಿ, ಕೂತುಕೊಳ್ಳಿ. ನೀವು ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದ ಮೇಷ್ಟ್ರುಗಳು, ಪಾಠ ಹೇಳುವ ತರಬೇತಿ ಅಂತ ನಿಮ್ಮನ್ನು ಬಸ್ಸಿನಲ್ಲಿ ಇಲ್ಲಿಗೆ ಕರೆತಂದಿದ್ದಾರೆ. "ಪಿಎಚ್‌ಡಿ ಮಾಡಿದವರಿಗೆ ಇದೆಂಥಾ ತರಬೇತಿ" ಅಂತ ನಿಮ್ಮಲ್ಲೊಬ್ಬರು ಬಸ್ಸು ಇಳಿಯುವಾಗಲೇ ಗೊಣಗಿದ್ದು ನನ್ನ ಕಿವಿಗೆ ಬಿತ್ತು. ನನಗೆ ಕಿವಿ ಮಂದ, ಆದರೆ ಇಂಥದ್ದು ಮಾತ್ರ ಚೆನ್ನಾಗಿ ಕೇಳುತ್ತದೆ.

ಆ ಶಾಲೆಯ ಪಂಡಿತರು ಕಲಿಯದ ವಿದ್ಯೆ ಇರಲಿಲ್ಲವಂತೆ. ಗ್ರಹಗತಿ ಕಲಿತಿದ್ದರು, ತರ್ಕ ಕಲಿತಿದ್ದರು, ಆನೆಯ ರೋಗಕ್ಕೂ ಮದ್ದು ಕಲಿತಿದ್ದರು. ಪಾಠ ಹೇಳುವುದನ್ನು ಮಾತ್ರ ಯಾರೂ ಕಲಿತಿರಲಿಲ್ಲ. ಅದನ್ನೂ ಕಲಿಯಬೇಕು ಅನ್ನುವುದು ಅವರ ತಲೆಗೆ ಹೊಳೆದೇ ಇರಲಿಲ್ಲ. ಅಲ್ಲೊಂದು ಪದ್ಧತಿ ಬೇರೆ ಇತ್ತಂತೆ, ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ವರ್ಷಕ್ಕೊಮ್ಮೆ ಸಭೆ ಕೂಡಿಸುತ್ತಿದ್ದರು. ಯಾರ ಪಾಠ ಎಲ್ಲರಿಗಿಂತ ಕಡಿಮೆ ಹುಡುಗರಿಗೆ ತಿಳಿದಿದೆಯೋ ಆ ಪಂಡಿತನನ್ನು ಮುಂದೆ ಕರೆದು ಜರತಾರಿ ಶಾಲು ಹೊದಿಸುತ್ತಿದ್ದರು. ಎಷ್ಟು ಆಳವಪ್ಪಾ ಈತನ ವಿದ್ಯೆ, ಯಾರಿಗೂ ಎಟುಕಲಿಲ್ಲ ನೋಡು ಅಂತ ಹೊಗಳುತ್ತಿದ್ದರು. ಥೂ! ತಿಳಿಯಲಿಲ್ಲ ಅಂದ ಹುಡುಗನಿಗೆ ದಡ್ಡನ ಪಟ್ಟ ಕಟ್ಟುತ್ತಿದ್ದರು. ಅದಕ್ಕೆ ಹುಡುಗರೆಲ್ಲ ತಿಳಿದವರ ಹಾಗೆ ತಲೆಯಾಡಿಸುವುದನ್ನು ಕಲಿತರು. ಆ ಶಾಲೆಯಲ್ಲಿ ಎಲ್ಲರೂ ಚೆನ್ನಾಗಿ ಕಲಿತದ್ದು ಅದೊಂದೇ ಇರಬೇಕು.

ಶಾಲು ಹೊದ್ದವರಲ್ಲೆಲ್ಲ ದೊಡ್ಡವನು ಬೊಮ್ಮರಸ ಉಪಾಧ್ಯಾಯ. ವೈದ್ಯ ಹೇಳಿಕೊಡುವವನು. ಅವನ ಹತ್ತಿರ ಕಲಿತ ಹುಡುಗರು ಸುತ್ತಲಿನ ಊರುಗಳಿಗೆ ಮದ್ದು ಕೊಡಲು ಹೋಗುತ್ತಿದ್ದರು. ಹಾಗೆ ಒಬ್ಬ ಹುಡುಗ ನಮ್ಮೂರಿಗೂ ಬಂದ.

ನಮ್ಮೂರಲ್ಲಿ ತಿಪ್ಪವ್ವ ಅಂತ ಕಂಬಳಿ ನೇಯುವ ಹೆಂಗಸು ಇದ್ದಳು. ಗಂಡ ಇರಲಿಲ್ಲ, ಹೊನ್ನಿ ಅಂತ ಒಬ್ಬಳೇ ಮಗಳು. ಹೊನ್ನಿಗೆ ಚಳಿಜ್ವರ ಬಂತು. ಹುಡುಗ ಒಂದು ಬೇರನ್ನು ಕುದಿಸಿ ಆ ನೀರನ್ನು ಕುಡಿಸಿದ. ಆ ಬೇರು ಕುದಿಸಿದ ಮೊದಲ ನೀರು ವಿಷವಂತೆ. ಅದನ್ನು ಚೆಲ್ಲಿ, ಮತ್ತೆ ನೀರು ಹಾಕಿ ಕುದಿಸಿದರೆ ಮಾತ್ರ ಮದ್ದು. ಹುಡುಗ ಮೊದಲ ನೀರನ್ನೇ ಕೊಟ್ಟ. ಹೊತ್ತು ಮುಳುಗುವುದರೊಳಗೆ ಮಗು ಹೋಯಿತು. ನನಗೆ ಹಾಗೇ ಹೇಳಿಕೊಟ್ಟರು ಅಂದುಕೊಂಡಿದ್ದೆ ಅಂತ ಆ ಹುಡುಗ ಅವಳ ಕಾಲು ಹಿಡಿದು ಅತ್ತನಂತೆ. ತಿಪ್ಪವ್ವ ಅಳಲಿಲ್ಲವಂತೆ. ಮರುದಿನ ಬೆಳಿಗ್ಗೆ, ಹೊನ್ನಿಗೆ ಅಂತ ನೇಯ್ದಿಟ್ಟಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳ ದಾಟಿದಳು.

ಆವತ್ತು ಶಾಲೆಯಲ್ಲಿ ಮುಂದಿನ ತಂಡದ ಹುಡುಗರನ್ನು ಊರೂರಿಗೆ ಕಳಿಸುವ ದಿನ. ಹೂವಿನ ಹಾರ, ವಾದ್ಯ, ಎಲ್ಲಾ ನಡೆದಿತ್ತು. ತಿಪ್ಪವ್ವ ಹೋಗಿ ಹೊಸ್ತಿಲಿಗೆ ಅಡ್ಡ ಕಂಬಳಿ ಹಾಸಿ ಕೂತುಬಿಟ್ಟಳು. ನಮ್ಮ ಕಡೆ ಹಾಸಿದ ಕಂಬಳಿ ಅಂದರೆ ದೇವರ ಗದ್ದಿಗೆ, ಅದನ್ನು ಯಾರೂ ತುಳಿಯುವುದಿಲ್ಲ, ದಾಟುವುದಿಲ್ಲ. ಹುಡುಗರು ಒಳಗೇ ನಿಂತರು. ದಾಟಲು ಹೋದ ಪಂಡಿತರ ಕಾಲು ನೆಲಕ್ಕೆ ಅಂಟಿಕೊಂಡವು ಅಂತ ಕೆಲವರು ಹೇಳುತ್ತಾರೆ. ಕಂಬಳಿ ಹಿಗ್ಗಿ ಶಾಲೆಯನ್ನೇ ಸುತ್ತಿತು ಅಂತಲೂ ಹೇಳುತ್ತಾರೆ. ನಾನಂತೂ ನಂಬುವುದಿಲ್ಲ. ಮಗಳನ್ನು ಕಳಕೊಂಡವಳು ಬಾಗಿಲಲ್ಲಿ ಕೂತರೆ ಪವಾಡ ಬೇರೆ ಯಾಕೆ ಬೇಕು?

ಅವಳು ಯಾರಿಗೂ ಶಿಕ್ಷೆ ಕೊಡಿ ಅನ್ನಲಿಲ್ಲ. ಆ ಬೇರು ಹೇಗೆ ಕುದಿಸಬೇಕು, ಈ ಹುಡುಗರಲ್ಲಿ ಯಾರಾದರೂ ಹೇಳಲಿ, ಏಳುತ್ತೇನೆ ಅಂದಳು. ಒಬ್ಬ ಆ ನೀರನ್ನು ಬಿಸಿಯಾಗಿ ಕುಡಿಸಬೇಕು ಅಂದ. ಒಬ್ಬ ಆರಿಸಿಟ್ಟು ಮರುದಿನ ಕುಡಿಸಬೇಕು ಅಂದ. ಇನ್ನೊಬ್ಬ ಕಣ್ಣು ಮುಚ್ಚಿ ಶ್ಲೋಕವನ್ನು ಗಡಗಡ ಒಪ್ಪಿಸಿ, ಅರ್ಥ ಕೇಳಿದರೆ ಅದೇ ಶ್ಲೋಕವನ್ನು ಮತ್ತೆ ಒಪ್ಪಿಸಿದ. ಪಂಡಿತರಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ? ಹುಡುಗರ ಮೇಲೆ! ನಾವು ಹೇಳಿದ್ದೇವೆ, ತಿಳಿಯದಿದ್ದರೆ ಅದು ಅವರ ಹಣೆಬರಹ ಅಂದರಂತೆ.

"ಹೇಳೀರಿ, ಖರೇನ," ಅಂದಳಂತೆ ತಿಪ್ಪವ್ವ. "ಹುಡುಗ್ರಿಗೆ ತಿಳೀತೋ ಇಲ್ಲೋ ಅಂತ ಯಾರರ ಕೇಳೀರೇನು?"

ಆಗ ಬೊಮ್ಮರಸ ಮುಂದೆ ಬಂದ. ಈ ಹೆಂಗಸಿನ ಬಾಯಿ ಮುಚ್ಚಿಸುತ್ತೇನೆ ಅಂತಲೇ ಬಂದನಂತೆ. ಶ್ಲೋಕ ಹೇಳಿದ, ಅದರ ಭಾಷ್ಯ ಹೇಳಿದ, ಭಾಷ್ಯದ ಮೇಲಿನ ಟೀಕೆ ಹೇಳಿದ.

"ತಿಳೀಲಿಲ್ರಿ," ಅಂದಳು.

ಅದನ್ನೇ ಗಂಟಲು ಹರಿಯುವ ಹಾಗೆ ಕೂಗಿ ಹೇಳಿದ.

"ಕಿವಿ ಚಲೋ ಅದಾವ್ರಿ. ತಿಳೀಲಿಲ್ಲ."

ಉರಿದುಕೊಂಡು ಒಳಗೆ ಹೋದ, ಮರುದಿನ ಬಂದ. ಮತ್ತೆ ಹೇಳಿದ. ಅವಳು ಮತ್ತೆ ತಿಳೀಲಿಲ್ಲ ಅಂದಳು. ಎಷ್ಟು ದಿನ ಹೀಗೆ ನಡೆಯಿತೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೊಂದು ದಿನ ಅವನ ಬೆನ್ನ ಹಿಂದಿನಿಂದ ಒಬ್ಬ ಹುಡುಗ, ಗುರುಗಳೇ, ನನಗೂ ತಿಳಿಯಲಿಲ್ಲ ಅಂದ. ಆಮೇಲೆ ಇನ್ನೊಬ್ಬ ಅಂದ. ಆಮೇಲೆ ಇಡೀ ಶಾಲೆ ಅಂದಿತು. ಬೊಮ್ಮರಸ ಒಬ್ಬೊಬ್ಬರ ಮುಖವನ್ನೂ ನೋಡಿದನಂತೆ, ಅಷ್ಟು ವರ್ಷದಲ್ಲಿ ಮೊದಲ ಸಲ.

ಶಾಲು ತೆಗೆದು ಕಂಬಕ್ಕೆ ಹಾಕಿದ. ಒಲೆ ಹೂಡಿಸಿದ, ಮಡಕೆ ತರಿಸಿದ, ಬೇರು ತರಿಸಿದ. ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು ತಾನೇ ಕುದಿಸಿದ. ಮೊದಲ ನೀರನ್ನು ಅಂಗಳಕ್ಕೆ ಚೆಲ್ಲಿದ. ಅಲ್ಲಿ ಹುಲ್ಲು ಸುಟ್ಟುಹೋಯಿತು ಅಂತಾರೆ. ಆಮೇಲೆ ತಿಪ್ಪವ್ವನ ಕೈಯಿಂದ ಮಾಡಿಸಿದ, ಒಬ್ಬೊಬ್ಬ ಹುಡುಗನ ಕೈಯಿಂದಲೂ ಮಾಡಿಸಿದ. ತಪ್ಪಿದವನನ್ನು ಬೈಯದೆ, ಎಲ್ಲಿ ತಪ್ಪಿತು ಅಂತ ಕೇಳಿದ.

"ಇಷ್ಟೇ ಏನ್ರಿ?" ಅಂದಳಂತೆ ತಿಪ್ಪವ್ವ. "ನೀರು ಚೆಲ್ಲೂದು, ಇಷ್ಟೇ?"

ಆಗ ಅತ್ತಳಂತೆ. ಬೊಮ್ಮರಸನೂ ಅತ್ತ, ಆ ಮಗುವನ್ನು ಕೊಂದದ್ದು ಹುಡುಗನಲ್ಲ, ನಾನು ಅಂತ ಎಲ್ಲರೆದುರಿಗೆ ಹೇಳಿದ. ಹುಡುಗರು ಎಲ್ಲರೂ ಸರಿಯಾಗಿ ಮಾಡಿ ತೋರಿಸಿದ ಮೇಲೆಯೇ ತಿಪ್ಪವ್ವ ಕಂಬಳಿ ಸರಿಸಿ ದಾರಿ ಬಿಟ್ಟಳು. ಆಮೇಲೆ ಬೊಮ್ಮರಸ ಬೇರೆ ಪಂಡಿತರ ಪಾಠಕ್ಕೂ ಹೋಗಿ ಹಿಂದಿನ ಕಂಬಕ್ಕೆ ಒರಗಿ ಕೂರುತ್ತಿದ್ದ, ತನ್ನ ಪಾಠಕ್ಕೂ ಅವರನ್ನು ಕರೆದು ಕೂರಿಸುತ್ತಿದ್ದ. ಇದು ಅವಮಾನ ಅಂತ ಕೆಲವರು ಶಾಲು ಮಡಿಚಿಕೊಂಡು ಬೇರೆ ರಾಜ್ಯಕ್ಕೆ ಹೋದರಂತೆ. ಅವರ ಸಂತಾನ ಏನೂ ಕಡಿಮೆಯಾಗಿಲ್ಲ ಬಿಡಿ.

ಶಾಲೆ ಬಿದ್ದುಹೋಗಿ ಎಷ್ಟೋ ಕಾಲವಾಯಿತು, ಹೊಸ್ತಿಲು ಉಳಿದಿದೆ. ಹೊಸ ಮೇಷ್ಟ್ರುಗಳು ಬಂದಾಗ ಇವತ್ತಿಗೂ ನಮ್ಮೂರವರು ಅದರ ಮೇಲೆ ಕಂಬಳಿ ಹಾಸುತ್ತೇವೆ. ಊರವರಲ್ಲಿ ಒಬ್ಬರು ಕೂರುತ್ತಾರೆ. ಮೇಷ್ಟ್ರು ತಮ್ಮ ವಿಷಯದ್ದು ಏನಾದರೂ ಒಂದು ಹೇಳಬೇಕು. ಕೂತವರು ತಿಳೀತು ಅಂದು ಕಂಬಳಿ ಸರಿಸಿದ ಮೇಲೆಯೇ ಹೊಸ್ತಿಲು ದಾಟಬೇಕು. ಈಚೆಗೆ ಅದೂ ಹಾಳಾಗಿದೆ. ನಿಮ್ಮಂಥವರು ಬಂದು ಕಂಬಳಿಗೆ ಹೂ ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ. ಪಾಪ, ದೊಡ್ಡವರು, ಚಹಾ ಆರಿಹೋಗುತ್ತದೆ ಅಂತ ನಮ್ಮವರೂ ದಾಕ್ಷಿಣ್ಯಕ್ಕೆ ತಿಳೀತು, ತಿಳೀತು ಅಂದುಬಿಡುತ್ತಾರೆ. ಹೊನ್ನಿಯನ್ನು ತಿಂದದ್ದು ಇದೇ ತಲೆಯಾಡಿಸುವ ಚಾಳಿ.

ಈ ಸಲ ಕೂರುವವಳು ನಾನು. ಬಸ್ಸು ಇಳಿಯುವಾಗ ಗೊಣಗಿದವರು ನೀವೇ ಅಲ್ಲವೇನಪ್ಪಾ? ಬನ್ನಿ, ಮೊದಲು ನೀವೇ ಹೇಳಿ. ಅವಸರ ಇಲ್ಲ, ನಾನು ಬುತ್ತಿ ಕಟ್ಟಿಕೊಂಡೇ ಬಂದಿದ್ದೇನೆ.