ಖಾಲಿ ಬಿಟ್ಟ ಕುಳಿ

"ಗುರುಗಳೇ, ಮಾಡಿದ ತಪ್ಪಿಗೆ ಇನ್ನೆಷ್ಟು ದಿನ ನಾಚಿಕೊಳ್ಳಬೇಕು?" ಎಂದು ಮಡಿವಾಳಯ್ಯನೆಂಬ ಶಿಷ್ಯ ಕೇಳಿದ. ಮಠದ ಅಡುಗೆಯ ಈರಜ್ಜನನ್ನು ಅವನು ಪಂಕ್ತಿಯಲ್ಲಿ ಎಲ್ಲರೆದುರು ಬಾಯಿಗೆ ಬಂದಂತೆ ಬೈದಿದ್ದ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಅಷ್ಟೇ. ಅಂದಿನಿಂದ ರಾತ್ರಿಯೂಟ ಬಿಟ್ಟು ಬರಿನೆಲದ ಮೇಲೆ ಮಲಗುತ್ತಿದ್ದ.

ಗುರುಗಳು ಹೇಳತೊಡಗಿದರು:

"ಚೀನಾ ದೇಶದಲ್ಲಿ ಒಬ್ಬ ಪಂಡಿತನಿದ್ದನಪ್ಪಾ. ಅವನ ಬರೆಯುವ ಮೇಜಿನ ಮೇಲೆ ಕುಂಚಗಳನ್ನಿಡುವ ಹಳೆಯ ಪೆಟ್ಟಿಗೆಯೊಂದಿತ್ತು. ಕರಿಮರದಲ್ಲಿ ಕುಳಿ ತೋಡಿ, ಮುತ್ತಿನ ಚಿಪ್ಪಿನ ದಳಗಳನ್ನು ಕೂರಿಸಿ ಹೂ ಬಿಡಿಸಿದ್ದರು. ತೇವದ ದಕ್ಷಿಣ ಸೀಮೆಯಲ್ಲಿ ಮಾಡಿದ್ದು. ಇವನಿದ್ದದ್ದು ಒಣಹವೆಯ ಉತ್ತರದಲ್ಲಿ. ಆ ಪೆಟ್ಟಿಗೆಯೆಂದರೆ ಇವನಿಗೆ ಜೀವ.

ಒಂದು ಚಳಿಗಾಲ ನೋಡುತ್ತಾನೆ, ಒಂದು ದಳವೇ ಇಲ್ಲ! ಧೂಳು ಒರೆಸುವ ಹೆಂಗಸನ್ನು ಹಿಡಿದ. 'ನಾನು ಮುಟ್ಟಿಲ್ಲ ಒಡೆಯಾ, ನನ್ನ ಮಗಳಾಣೆಗೂ' ಎಂದು ಆಕೆ ಅತ್ತಳು. ಕೇಳಲು ಇವನಿಗೆ ಕಿವಿಯೆಲ್ಲಿತ್ತು? ಬೀದಿಗೆಲ್ಲ ಕೇಳುವಂತೆ ಕಳ್ಳಿ ಎಂದು ಕೂಗಿ ಹೊರಗೆ ಹಾಕಿದ.

ಕೆಲವು ದಿನ ಕಳೆದವು. ಅವನು ಬರೆಯುತ್ತ ಕುಳಿತಿದ್ದಾಗಲೇ, ಯಾರೂ ಮುಟ್ಟದೆ, ಇನ್ನೊಂದು ದಳ ಟಕ್ಕೆಂದು ಕಳಚಿ ಬಿತ್ತು. ಒಣಹವೆಗೆ ಮರ ಕುಗ್ಗಿ ಅಂಟು ಬಿಟ್ಟಿತ್ತು. ಹುಡುಕಿದರೆ ಮೊದಲಿನದೂ ಚಾಪೆಯ ಅಡಿಯಲ್ಲೇ ಇತ್ತು. ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಪಂಡಿತನಿಗೆ.

ಆಕೆಯ ಮನೆಗೆಂದು ಹೊರಟ. ಓಣಿಯ ತಿರುವಿನ ತನಕ ಹೋದ. ಯಾವ ಮುಖವಿಟ್ಟುಕೊಂಡು ಹೋಗಲಿ ಎಂದು ನಾಚಿ ಹಿಂದಿರುಗಿದ. ದಳಗಳನ್ನು ಮತ್ತೆ ಅಂಟಿಸಲಿಲ್ಲ, ಕುಳಿಗಳನ್ನು ಖಾಲಿ ಬಿಟ್ಟ. ದೂರದೂರಿನಿಂದ ಬಂದ ಪಂಡಿತರಿಗೆಲ್ಲ ತೋರಿಸಿ, 'ಇವು ನನ್ನ ಪಾಪದ ಗುರುತು' ಎಂದು ಕಣ್ಣೀರಿಡುತ್ತಿದ್ದ. ಅವರು, 'ಆಹಾ, ಎಂಥ ದೊಡ್ಡ ಮನಸ್ಸು!' ಎಂದು ಹೊಗಳಿ ಹೋಗುತ್ತಿದ್ದರು. ಅತ್ತ ಓಣಿಯಲ್ಲಿ ಆಕೆ ಇನ್ನೂ ಕಳ್ಳಿಯೇ. ಯಾವ ಮನೆಯವರೂ ಕೆಲಸಕ್ಕೆ ಕರೆಯಲಿಲ್ಲ.

ಒಮ್ಮೆ ಬಂದ ಮುದುಕನೊಬ್ಬ ಎಲ್ಲವನ್ನೂ ಕೇಳಿ, 'ತಪ್ಪು ನನ್ನದೇ ಎಂದು ನೀವು ಹೇಳಿದಾಗ ಆಕೆ ಏನಂದಳು?' ಎಂದ. ಪಂಡಿತನಿಗೆ ಅಂದು ಅಳು ಬರಲಿಲ್ಲ. ಪೆಟ್ಟಿಗೆಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ."

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಮಡಿವಾಳಯ್ಯ ತಲೆಯೆತ್ತದೆ, "ಆಮೇಲೆ?" ಎಂದ. ಒಳಗೆ ಈರಜ್ಜ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಇಲ್ಲಿಂದ ಅಡುಗೆಮನೆ ಎಷ್ಟು ದೂರವಪ್ಪಾ?" ಎಂದರು ಗುರುಗಳು.